ಹೊಸ ಗಾಲ್ಫ್ ಸೆಟ್ ತಗೊಂಡ್ರೆ ಸ್ಲೈಸ್ ಹೋಗ್ತದಾ, ಇಲ್ಲ ದುಡ್ಡು ಮಾತ್ರ ಹೋಗುದಾ?

ಬಿಜೈ ಬೋಗಿ:

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಉಂಟು, ಬೇಜಾರು ಮಾಡ್ಬೇಡಿ. ನನಗೆ 47, ಗಾಲ್ಫ್ ಶುರು ಮಾಡಿ ಎರಡು ವರ್ಷ ಆಯ್ತಷ್ಟೆ, ವಾರಕ್ಕೊಂದು ಸಲ, ಹೆಚ್ಚಾಗಿ ಆದಿತ್ಯವಾರ ಬೆಳಿಗ್ಗೆ ಮಂಗ್ಳೂರಿನ ಪಿಲಿಕುಳದಲ್ಲಿ ಆಡುದು. 18 ಹೋಲ್‌ಗೆ 105 ಹೊಡೆತದ ಆಚೀಚೆ, ಕಮ್ಮಿ ಆದಷ್ಟು ಒಳ್ಳೆದು. 99 ಒಂದೇ ಸಲ ಆದದ್ದು, ಅವತ್ತು ಮನೆಯಲ್ಲಿ ಪಾಯಸ ಮಾಡ್ಸಿದ್ದೆ, ಹೆಂಡತಿಗೆ ಯಾಕೆ ಅಂತ ಇವತ್ತಿಗೂ ಅರ್ಥ ಆಗ್ಲಿಲ್ಲ.

ನನ್ನ ಹತ್ರ ಇರುದು ಭಾವನ ಹಳೆ ಸೆಟ್. ಅವರು ಮಸ್ಕತ್‌ನಲ್ಲಿ ಇದ್ದಾಗ ತಗೊಂಡದ್ದು, ಊರಿಗೆ ಬಂದ ಮೇಲೆ ಸೊಂಟನೋವು ಅಂತ ಬಿಟ್ರು, ಬ್ಯಾಗ್ ಸಮೇತ ನನ್ನ ಕಾರಿನ ಡಿಕ್ಕಿಗೆ ಹಾಕಿ "ನೀನಾದ್ರೂ ಆಡು" ಅಂದ್ರು. 3ರಿಂದ 9ರ ವರೆಗೆ ಐರನ್ (ನಂಬರ್ ಏರಿದಷ್ಟು ಬಾಲ್ ಎತ್ತರ, ದೂರ ಕಮ್ಮಿ), ಹತ್ರದ ಹೊಡೆತಕ್ಕೆ ಪಿಚಿಂಗ್ ವೆಜ್, ಮರಳಿಗೆ ಸ್ಯಾಂಡ್ ವೆಜ್, ಎಲ್ಲ ಸ್ಟೀಲ್ ಶಾಫ್ಟ್ (ಕೋಲು), ಸ್ಟಿಫ್ ಅಂದ್ರೆ ಕಮ್ಮಿ ಬಾಗುವ ಜಾತಿ, ಹೆಡ್ ಎಲ್ಲ ತೆಳು ತೆಳು ಬ್ಲೇಡ್, ನೋಡ್ಲಿಕ್ಕೆ ಭಾರಿ ಚೆಂದ. ದೂರ ಹೊಡೆಯುವ ಡ್ರೈವರ್ 9 ಡಿಗ್ರಿ ಲಾಫ್ಟ್ (ಫೇಸ್, ಅಂದ್ರೆ ಬಾಲಿಗೆ ತಾಗುವ ಮುಖ, ಹಿಂದಕ್ಕೆ ವಾಲಿದ್ದು), ಅದೂ ಸ್ಟಿಫ್. ಮತ್ತೆ ಒಂದು 3 ವುಡ್, ಬಾಲನ್ನು ಗುಂಡಿಗೆ ಉರುಳಿಸ್ಲಿಕ್ಕೆ ಒಂದು ಪಟ್ಟರ್.

ಸಮಸ್ಯೆ ಎಂತ ಅಂದ್ರೆ ಡ್ರೈವರ್‌ನಲ್ಲಿ ಹೊಡೆದ ಬಾಲ್ ಮೊದಲ 100 ಗಜ ಮರ್ಯಾದೆಯಿಂದ ಹೋಗ್ತದೆ, ಆಮೇಲೆ ನಂತೂರು ಸರ್ಕಲ್ಲಲ್ಲಿ ಬಸ್ ತಿರುಗಿದ ಹಾಗೆ ಬಲಕ್ಕೆ ತಿರುಗಿ ಪೊದೆಗೆ, ಇದಕ್ಕೇ ಸ್ಲೈಸ್ ಅನ್ನುದು. 3, 4, 5 ಐರನ್ ನೆಲ ಬಿಟ್ಟು ಏಳುದೇ ಇಲ್ಲ. ಸ್ಯಾಂಡ್ ವೆಜ್‌ನಲ್ಲಿ ಗ್ರೀನ್ (ಗುಂಡಿ ಇರುವ ನುಣ್ಣನೆ ಹುಲ್ಲು) ಹತ್ರದಿಂದ ಚಿಪ್ ಮಾಡ್ಲಿಕ್ಕೆ, ಅಂದ್ರೆ ಸಣ್ಣಗೆ ಎತ್ತಿ ಹಾಕ್ಲಿಕ್ಕೆ ಹೋದ್ರೆ ಬಾಲಿನ ತಲೆಗೆ ತಾಗಿ ಗ್ರೀನ್ ದಾಟಿ ಆಚೆ ಬದಿಗೆ ಹೋಗ್ತದೆ.

ಹೋದ ತಿಂಗಳು ಬೆಂಗ್ಳೂರಿಗೆ ಹೋದವ ಒಂದು ಅಂಗಡಿಯಲ್ಲಿ ಮಿಷನ್ ಮುಂದೆ ನಿಂತು ಫಿಟ್ಟಿಂಗ್ ಮಾಡ್ಸಿದೆ. ಡ್ರೈವರ್ ಸ್ವಿಂಗ್ ಸ್ಪೀಡ್ ಗಂಟೆಗೆ 84 ಮೈಲಿ ಬಂತು. ಅವರ ಹೊಸ 7 ಐರನ್ ನನ್ನ 7 ಐರನ್‌ಗಿಂತ ಸುಮಾರು 20 ಗಜ ಜಾಸ್ತಿ ಹೋಯ್ತು, ನನಗೇ ನಂಬ್ಲಿಕ್ಕೆ ಆಗ್ಲಿಲ್ಲ. ಡ್ರೈವರ್, ಹೈಬ್ರಿಡ್ (ವುಡ್ಡಿಗೂ ಐರನ್ನಿಗೂ ನಡುವಿನ ಕ್ಲಬ್), ಐರನ್, ವೆಜ್ ಎಲ್ಲ ಸೇರಿ 1 ಲಕ್ಷ 85 ಸಾವಿರ ಅಂತ ಲೆಕ್ಕ ಕೊಟ್ಟಿದ್ದಾರೆ. ಮನೆಯಲ್ಲಿ ಮೆತ್ತಗೆ ಹೇಳಿದ್ದಕ್ಕೆ "ಆ ದುಡ್ಡಿಗೆ ಟೆರೇಸಿಗೆ ಶೀಟ್ ಹಾಕ್ಸಬಹುದು, ಪ್ರತಿ ಮಳೆಗಾಲ ಮೇಲಿನ ರೂಮಲ್ಲಿ ಬಕೆಟ್ ಇಡುದು ತಪ್ತದೆ" ಅಂತ ಉತ್ತರ ಬಂತು. ಅದೂ ಸುಳ್ಳಲ್ಲ.

ಈಗ ಹೇಳಿ, ತಪ್ಪು ನನ್ನದಾ ಕ್ಲಬ್ಬಿನದ್ದಾ? ತಗೊಳ್ಳುದಿದ್ರೆ ಮೊದಲು ಎಂತ ತಗೊಳ್ಳುದು?

ಕೊಡಿಯಾಲ್ ಮಾಮ್:

ತಪ್ಪು ಇಬ್ರದ್ದೂ, ಆದ್ರೆ ಕ್ಲಬ್ಬಿಗೆ ಪಾಠ ಹೇಳ್ಲಿಕ್ಕೆ ಆಗುದಿಲ್ಲ ಮಾರಾಯ್ರೆ.

ನಾನು ಬ್ಯಾಂಕಿನಲ್ಲಿ 36 ವರ್ಷ ಬೇರೆಯವರ ಲೋನ್ ಪೇಪರ್ ನೋಡಿದವ, ಹಾಗಾಗಿ ಮೊದಲು ಕೇಳುದು ಲೆಕ್ಕ. 105 ಹೊಡೆದ್ರಿ ಸರಿ, ಅದರಲ್ಲಿ ಪಟ್ ಎಷ್ಟು? ಪಾರ್ 3 (ಮೂರೇ ಹೊಡೆತದ ಗಿಡ್ಡ ಹೋಲ್) ಬಿಟ್ರೆ ಡ್ರೈವರ್ ತೆಗೆಯುದು 18ರಲ್ಲಿ ಹೆಚ್ಚಂದ್ರೆ 14 ಸಲ. ಪಟ್ಟರ್ ತೆಗೆಯುದು ಕಮ್ಮಿ ಅಂದ್ರೂ 36-40 ಸಲ ಇರ್ಬೇಕು ನಿಮ್ಮ ಆಟದಲ್ಲಿ. ಆದ್ರೆ ಅಂಗಡಿಗೆ ಹೋದ್ರೆ ಯಾರಾದ್ರೂ ಮೊದಲು ಪಟ್ಟರ್ ಹತ್ರ ಹೋಗ್ತಾರಾ? ಇಲ್ಲ, ಎಲ್ರೂ ಆ ದೊಡ್ಡ ಹೆಡ್ಡಿನ ಡ್ರೈವರ್ ಹತ್ರವೇ, ತೇರಿನ ದಿನ ಬಲೂನ್ ಕಂಡ ಮಕ್ಕಳ ಹಾಗೆ. ಎರಡು ವಾರ ಸ್ಕೋರ್ ಕಾರ್ಡಿನ ಬದಿಯಲ್ಲಿ ಪೆನ್ಸಿಲಲ್ಲಿ ಬರೀರಿ, ಪಟ್ ಎಷ್ಟು, ಪೆನಾಲ್ಟಿ ಎಷ್ಟು, 50 ಗಜದ ಒಳಗೆ ಎಷ್ಟು ವೇಸ್ಟ್ ಆಯ್ತು ಅಂತ. ಆ ಕಾರ್ಡ್ ನೋಡದೆ 1 ಲಕ್ಷ 85 ಸಾವಿರ ಸ್ಯಾಂಕ್ಷನ್ ಮಾಡ್ಲಿಕ್ಕೆ ನನ್ನಿಂದ ಆಗುದಿಲ್ಲ.

2021ರ ಆಗಸ್ಟಿನಲ್ಲಿ ಟೋಕಿಯೋ ಒಲಿಂಪಿಕ್ಸ್ ನೀವೂ ನೋಡಿರ್ತೀರಿ, ನಮ್ಮ ಬೆಂಗ್ಳೂರಿನ ಅದಿತಿ ಅಶೋಕ್. ಜೊತೆಗೆ ಆಡಿದವರು ಟೀಯಿಂದ, ಅಂದ್ರೆ ಮೊದಲ ಹೊಡೆತದಲ್ಲಿ, ಅವಳಿಗಿಂತ ಎಷ್ಟೋ ಮುಂದೆ ಹೊಡೀತಿದ್ರು, ಆದ್ರೂ ಆ ಹುಡುಗಿ ಪಟ್ಟರ್ ಒಂದರಲ್ಲಿ ಎಲ್ರನ್ನೂ ಹಿಡ್ಕೊಂಡು 4ನೇ ಸ್ಥಾನ, ಕಂಚು ಒಂದೇ ಸ್ಟ್ರೋಕಲ್ಲಿ ತಪ್ಪಿ ಹೋಯ್ತು. ಆ ಶನಿವಾರ ನಮ್ಮ ಮನೆಯಲ್ಲಿ ಬೆಳಿಗ್ಗೆ ಯಾರೂ ಗಂಜಿ ಕುಡೀಲಿಲ್ಲ.

ಇನ್ನು ನಿಮ್ಮ ಸ್ಯಾಂಡ್ ವೆಜ್ ಕತೆ. ಅದನ್ನು ತಿರುಗಿಸಿ ಅಡಿ ನೋಡಿ, ಹಿಂದಿನ ಅಂಚು ಮುಂದಿನ ಅಂಚಿಗಿಂತ ಕೆಳಗೆ ದಪ್ಪ ಇರ್ತದೆ, ಅದಕ್ಕೆ ಬೌನ್ಸ್ ಅಂತ ಹೇಳುದು. ಮರಳಿನಲ್ಲಿ ಕ್ಲಬ್ ಹೂತು ಹೋಗದೆ ಜಾರ್ಲಿಕ್ಕೆ ಮಾಡಿದ್ದು ಅದು. ಜೀನ್ ಸರಾಜೆನ್ ಅಂತ ಒಬ್ಬ ಅಮೆರಿಕದವ ಅಡಿಗೆ ಸೀಸದ ಬೆಸುಗೆ ಹಾಕಿ ಹಾಕಿ ತಯಾರು ಮಾಡಿ 1932ರಲ್ಲಿ ಬ್ರಿಟಿಷ್ ಓಪನ್ ಗೆದ್ದ. ಮರಳಿಗೆ ಸರಿ, ನಮ್ಮ ಊರಿನ ನೆಲ ಮರಳಾ? ದೀಪಾವಳಿ ಕಳೆದ ಮೇಲೆ ಮೇಲಿನ ಒಂದು ಇಂಚು ಹುಲ್ಲಿನ ಕೆಳಗೆ ಇರುದು ಮುರಕಲ್ಲು. ಗಟ್ಟಿ ನೆಲಕ್ಕೆ ಆ ದಪ್ಪ ಅಡಿ ಬಡಿದ್ರೆ ಮೇಲಕ್ಕೆ ಪುಟೀತದೆ, ಅಂಚು ಹೋಗಿ ಬಾಲಿನ ಹೊಟ್ಟೆಗೆ ತಾಗ್ತದೆ, ಬಾಲ್ ಗ್ರೀನ್ ದಾಟಿ ಹೋಗ್ತದೆ. ಇದು ನಿಮ್ಮ ತಪ್ಪಲ್ಲ. ಅದೇ ವೆಜ್ ಜುಲೈಯಲ್ಲಿ ಕೆಸರು ನೆಲದಲ್ಲಿ ಬಂಗಾರ. ಹಾಗಾಗಿ ಬೇಸಿಗೆಯಲ್ಲಿ ಗ್ರೀನ್ ಬದಿಯಿಂದ 8 ಅಥವಾ 9 ಐರನ್ ತಗೊಂಡು ಪಟ್ ಮಾಡಿದ ಹಾಗೆ ಉರುಳಿಸಿ. ಖರ್ಚು ಸೊನ್ನೆ.

ಖರ್ಚು ಮಾಡ್ಲೇಬೇಕು ಅಂತ ಕೈ ತುರಿಸ್ತಾ ಉಂಟಾದ್ರೆ ಗ್ರಿಪ್ ಬದ್ಲಿಸಿ. ಭಾವನ ಸೆಟ್ ಅಂದ್ರಿ, ಆ ಗ್ರಿಪ್ ಈಗ ಹಲಸಿನ ಬೀಜದ ಹಾಗೆ ನುಣ್ಣಗೆ ಆಗಿರ್ಬೇಕು. ನಮ್ಮ ಸೆಕೆಗೆ, ಬೆವರಿಗೆ, ಗ್ರಿಪ್ ಜಾರ್ತದೆ ಅಂತ ಕೈ ಬಿಗಿ ಹಿಡೀತೇವೆ, ಕೈ ಬಿಗಿ ಹಿಡಿದ್ರೆ ಮಣಿಕಟ್ಟು ತಿರುಗುದಿಲ್ಲ, ಮಣಿಕಟ್ಟು ತಿರುಗದಿದ್ರೆ ಫೇಸ್ ತೆರೆದೇ ಉಳೀತದೆ, ಬಾಲ್ ನಂತೂರಿಗೆ. ಅರ್ಧ ಸ್ಲೈಸ್ ಅಲ್ಲಿಯೇ ಉಂಟು ಅಂತ ನನಗೆ ಅನಿಸುದು.

ಸುರತ್ಕಲ್ ಮೆಕ್ಯಾನಿಕಲ್:

ಮಾಮ್ ಹೇಳಿದ್ದು ಸರಿ, ಆದ್ರೆ ಡ್ರೈವರ್ ವಿಷಯದಲ್ಲಿ ಇವರದ್ದು ಬರೀ ಗ್ರಿಪ್ ಕೇಸ್ ಅಲ್ಲ. 84 ಮೈಲಿ ಸ್ಪೀಡಿಗೆ 9 ಡಿಗ್ರಿ ಸ್ಟಿಫ್ ಕೊಟ್ಟದ್ದು ನ್ಯಾಯ ಅಲ್ಲ.

ಬೋಗಿಯವ್ರೆ, ಒಂದು ವಿಷಯ ಯೋಚನೆ ಮಾಡಿ, ಅದೇ ಕೈ ಅದೇ ಸ್ವಿಂಗು, ನಿಮ್ಮ 9 ಐರನ್ ಯಾಕೆ ಅಷ್ಟು ಬಲಕ್ಕೆ ತಿರುಗುದಿಲ್ಲ? ಬಾಲ್ ಹೊರಡುವ ದಿಕ್ಕು ಹೆಚ್ಚು ಕಮ್ಮಿ ಫೇಸ್ ನೋಡುವ ದಿಕ್ಕು, ತಿರುಗುದು ಫೇಸಿಗೂ ಕ್ಲಬ್ ಬರುವ ದಾರಿಗೂ ಇರುವ ವ್ಯತ್ಯಾಸದಿಂದ. ಕ್ಲಬ್ ಹೊರಗಿಂದ ಒಳಗೆ ಕೊಯ್ದ ಹಾಗೆ ಬಂದು ಫೇಸ್ ಆ ದಾರಿಗೆ ತೆರೆದಿದ್ರೆ ಬಾಲ್ ತಿರುಗುವ ಅಚ್ಚು ಬಲಕ್ಕೆ ವಾಲ್ತದೆ. ಲಾಫ್ಟ್ ಜಾಸ್ತಿ ಇದ್ದಷ್ಟು ಹಿಂದಕ್ಕೆ ತಿರುಗುವ ಸ್ಪಿನ್ ಜಾಸ್ತಿ, ಅದೇ ತಪ್ಪಿಗೆ ಅಚ್ಚು ವಾಲುದು ಕಮ್ಮಿ. 9 ಐರನ್‌ಗೆ 40ಕ್ಕಿಂತ ಮೇಲೆ ಡಿಗ್ರಿ, ಆ ತಪ್ಪು ಕಾಣುದೇ ಇಲ್ಲ. 9 ಡಿಗ್ರಿ ಡ್ರೈವರಲ್ಲಿ ಅದೇ ತಪ್ಪು ಪೂರಾ ಬೆತ್ತಲೆ. ಹಾಗಾಗಿ 10.5 ಅಥವಾ 12 ಡಿಗ್ರಿ, ರೆಗ್ಯುಲರ್ ಶಾಫ್ಟ್. ಸ್ಲೈಸ್ ಗುಣ ಆಗುದಿಲ್ಲ, ಅದಕ್ಕೆ ಪಾಠವೇ ಬೇಕು, ಆದ್ರೆ ಪೊದೆಗೆ ಹೋಗುವ ಬಾಲ್ ರಫ್ಫಲ್ಲಿ, ಬದಿಯ ಉದ್ದ ಹುಲ್ಲಲ್ಲಿ, ಸಿಗ್ತದೆ.

ಇನ್ನೊಂದು, ಡ್ರೈವರ್ ಹೊಸದೇ ಬೇಕು ಅಂತ ಇಲ್ಲ. ಹೆಡ್ ಸೈಜಿಗೆ 2004ರಿಂದ 460 ಸಿಸಿ ಮಿತಿ ಉಂಟು, ಫೇಸಿನ ಸ್ಪ್ರಿಂಗ್ ಹಾಗಿನ ಗುಣಕ್ಕೂ ಮಿತಿ ಉಂಟು, ಕಂಪನಿಗಳು ಎಷ್ಟೋ ವರ್ಷದ ಹಿಂದೆಯೇ ಆ ಗೋಡೆಗೆ ತಾಗಿ ನಿಂತಿದ್ದಾವೆ. ಪ್ರತಿ ವರ್ಷ "10 ಗಜ ಜಾಸ್ತಿ" ಅಂತ ಜಾಹೀರಾತು ಬರ್ತದಲ್ಲ, ಆ 10-10 ಎಲ್ಲ ಕೂಡಿಸಿದ್ರೆ ಪಿಲಿಕುಳದಿಂದ ಹೊಡೆದದ್ದು ಮೂಡಬಿದ್ರೆಯಲ್ಲಿ ಬೀಳ್ಬೇಕಿತ್ತು. ಈಗಿನ ಹೆಡ್ಡಲ್ಲಿ ಲಾಭ ಇರುದು ನಡು ತಪ್ಪಿ ತಾಗಿದಾಗ ಹೆಡ್ ಕಮ್ಮಿ ತಿರುಚುದ್ರಲ್ಲಿ. ಅದು ಐದಾರು ವರ್ಷ ಹಳೆಯದ್ರಲ್ಲೂ ಬೇಕಾದಷ್ಟು ಉಂಟು. ಸೆಕೆಂಡ್ ಹ್ಯಾಂಡ್, ಲಾಫ್ಟ್ ಅಡ್ಜಸ್ಟ್ ಮಾಡ್ಲಿಕ್ಕೆ ಆಗುದು ನೋಡಿ. ಲಾಫ್ಟ್ ಏರಿಸಿದ್ರೆ ಫೇಸ್ ಸ್ವಲ್ಪ ಮುಚ್ಚುತ್ತದೆ, ನಿಮಗೆ ಅದೂ ಬೇಕಾದದ್ದೇ.

ಈಗ ಆ 20 ಗಜದ ಮ್ಯಾಜಿಕ್. ಅಂಗಡಿಯವರು ಮೋಸ ಮಾಡ್ಲಿಲ್ಲ, ಆದ್ರೆ 7 ಅಂತ ಬರೆದದ್ದೆಲ್ಲ 7 ಅಲ್ಲ. ನಿಮ್ಮ ಭಾವನ ಕಾಲದ ಬ್ಲೇಡಲ್ಲಿ 7 ಐರನ್ 34-35 ಡಿಗ್ರಿ ಇರ್ತದೆ. ಈಗಿನ ದಪ್ಪ ಹೆಡ್ಡಿನ 7 ಐರನ್ 28-30. ಅಂದ್ರೆ ನೀವು ಹೊಡೆದದ್ದು ಹಳೆ ಲೆಕ್ಕದ 6, ಕೆಲವು ಸೆಟ್ಟಲ್ಲಿ 5½. ಭಾರ ಕೆಳಗೆ ಮತ್ತೆ ಹಿಂದೆ ಇಟ್ಟದ್ರಿಂದ ಲಾಫ್ಟ್ ಕಮ್ಮಿ ಮಾಡಿದ್ರೂ ಬಾಲ್ ಏಳ್ತದೆ, ಅದು ನಿಜವಾದ ಇಂಜಿನಿಯರಿಂಗ್, ಅದನ್ನು ನಾನು ಅಲ್ಲಗಳೆಯುದಿಲ್ಲ. ಹೆಡ್ಡಿನ ನಡು ಟೊಳ್ಳು ಮಾಡಿ ಭಾರ ಅಂಚಿಗೆ ಹಾಕುವ ವಿಚಾರವನ್ನು ಬೆಳೆಸಿದವ ಕಾರ್ಸ್ಟನ್ ಸೋಲ್ಹೈಮ್, ಜನರಲ್ ಎಲೆಕ್ಟ್ರಿಕ್‌ನಲ್ಲಿ ಇಂಜಿನಿಯರ್ ಆಗಿದ್ದವ. 1959ರಲ್ಲಿ ಮನೆಯ ಗ್ಯಾರೇಜಲ್ಲಿ ಒಂದು ಪಟ್ಟರ್ ಮಾಡಿದ, ಬಾಲಿಗೆ ತಾಗಿದಾಗ 'ಪಿಂಗ್' ಅಂತ ಶಬ್ದ ಬಂತು, ಕಂಪನಿಗೆ ಅದೇ ಹೆಸರು. ನಮ್ಮ ಪಂಗಡದವ, ಹಾಗಾಗಿ ನನಗೆ ಸ್ವಲ್ಪ ಅಭಿಮಾನ.

ಆದ್ರೆ ಇದರ ಬಾಲ ಎಲ್ಲಿ ಸಿಕ್ಕಿಕೊಳ್ತದೆ ಅಂದ್ರೆ ಪಿಚಿಂಗ್ ವೆಜ್‌ನಲ್ಲಿ. ಹಳೆಯದ್ರಲ್ಲಿ 48 ಡಿಗ್ರಿ ಇದ್ದದ್ದು ಈಗ 43-44. ಸ್ಯಾಂಡ್ ವೆಜ್ ಮಾತ್ರ ಈಗಲೂ 54-56. ನಡುವಲ್ಲಿ 12 ಡಿಗ್ರಿ ಹೊಂಡ. ಆಗ ಗ್ಯಾಪ್ ವೆಜ್ ಅಂತ ಇನ್ನೊಂದು ತಗೊಳ್ಳಿ ಅಂತಾರೆ. ನಂಬರ್ ಅವರೇ ಬದ್ಲಿಸಿದ್ದು, ಹೊಂಡ ಅವರೇ ಮಾಡಿದ್ದು, ಮುಚ್ಚುವ ಮಣ್ಣಿಗೆ ದುಡ್ಡು ನಮ್ಮದು.

ದುಬೈ ರಿಟರ್ನ್:

ಇಲ್ಲಿ ಎಲ್ರೂ ಸನ್ಯಾಸಿಗಳ ಹಾಗೆ ಮಾತಾಡ್ತಿದ್ದೀರಿ, ನಾನೊಬ್ಬ ಪಾಪಿ ಬರೀತೇನೆ. ನಾನು 11 ವರ್ಷದಲ್ಲಿ ಆರು ಪಟ್ಟರ್, ನಾಲ್ಕು ಡ್ರೈವರ್, ಮೂರು ಐರನ್ ಸೆಟ್ ತಗೊಂಡಿದ್ದೇನೆ. ಸ್ಕೋರ್? 92ರಿಂದ 91. ಆದ್ರೆ ಗಮ್ಮತ್ ಎಂತ ಗೊತ್ತುಂಟಾ, ಹೊಸ ಕ್ಲಬ್ಬಿನ ಪ್ಲಾಸ್ಟಿಕ್ ಬಿಚ್ಚುವಾಗ ಆಗುವ ಖುಷಿ ಉಂಟಲ್ಲ, ಅದಕ್ಕೆ ಬೆಲೆ ಕಟ್ಲಿಕ್ಕೆ ಆಗುದಿಲ್ಲ. ಜನ ಚಿನ್ನ ತಗೊಳ್ತಾರೆ, ಬೈಕ್ ತಗೊಳ್ತಾರೆ, ಕೋಳಿ ಅಂಕಕ್ಕೆ ಹಾಕ್ತಾರೆ. ನಮ್ಮದು ಇದು. ಬೋಗಿಯಣ್ಣ, ಸಾಲ ಮಾಡದೆ ತಗೊಳ್ಲಿಕ್ಕೆ ಆಗ್ತದಾದ್ರೆ ತಗೊಳ್ಳಿ, 47 ಆಯ್ತು, ಇನ್ನು ಯಾವಾಗ?

ಆದ್ರೂ ಪೆಟ್ಟು ತಿಂದವ ಎರಡು ಮಾತು ಹೇಳ್ಬೇಕು. ಒಂದು, ಆನ್‌ಲೈನಲ್ಲಿ ಹೊಸ ಮಾಡೆಲ್ ಅರ್ಧ ಬೆಲೆಗೆ ಅಂತ ಬಂದ್ರೆ ಮುಟ್ಬೇಡಿ. ನಾನು ಹಾಗೆ ತರ್ಸಿದ ಟೈಟಾನಿಯಂ ಡ್ರೈವರಿನ ಫೇಸಿಗೆ ಮಗಳ ಫ್ರಿಜ್ ಮ್ಯಾಗ್ನೆಟ್ ಚಪ್ಪಂತ ಅಂಟಿತು. ಟೈಟಾನಿಯಂಗೆ ಅಯಸ್ಕಾಂತ ಅಂಟುದಿಲ್ಲ ಅಂತ ಒಂಬತ್ತನೇ ಕ್ಲಾಸಿನ ಅವಳು ನನಗೆ ಹೇಳಿದ್ದು. ಮೂರನೇ ವಾರ ಹೆಡ್ ಕಳಚಿ ಬಾಲ್‌ಗಿಂತ ಮುಂದೆ ಹೋಗಿ ಬಿತ್ತು, ಅದು ಮಾತ್ರ ಸ್ಲೈಸ್ ಆಗ್ಲಿಲ್ಲ, ನೇರ ಹೋಯ್ತು.

ಎರಡನೆಯದ್ದು ತುಕ್ಕು. ದುಬೈಯಲ್ಲಿ ಕ್ಲಬ್ ಬಾಲ್ಕನಿಯಲ್ಲಿ ಬಿಸಾಡಿದ್ರೂ ಹಾಗೇ ಇರ್ತಿತ್ತು. ಇಲ್ಲಿಗೆ ತಂದು ಮೊದಲ ಮಳೆಗಾಲ ಬ್ಯಾಗನ್ನು ಜಿಪ್ ಹಾಕಿ ಏಣಿ ಅಡಿ ಇಟ್ಟೆ, ಚೌತಿಗೆ ತೆಗೆದು ನೋಡಿದ್ರೆ ಕ್ರೋಮ್ ಇಲ್ಲದ ನನ್ನ ಕಚ್ಚಾ ಫಿನಿಶ್ ವೆಜ್ ಹಿತ್ತಿಲಲ್ಲಿ ಮರೆತ ಕತ್ತಿಯ ಹಾಗೆ ಆಗಿತ್ತು, ಗ್ಲೌಸಿಗೆ ಹಸಿರು ಬೂಷ್ಟು. ಕಚ್ಚಾ ವೆಜ್ ತುಕ್ಕು ಹಿಡಿಯುದು ಸಹಜ, ಆಟಕ್ಕೆ ತೊಂದ್ರೆ ಇಲ್ಲ, ಆದ್ರೆ ಸ್ಟೀಲ್ ಶಾಫ್ಟಿನ ಕ್ರೋಮ್ ಎದ್ದು ಒಳಗಿಂದ ತುಕ್ಕು ಬಂದ್ರೆ ಅದನ್ನು ಆಡ್ಬೇಡಿ, ಮುರೀಬಹುದು. ಆಡಿ ಬಂದ ದಿನವೇ ಹೆಡ್ ಕವರ್ ತೆಗೆದು, ಒರೆಸಿ, ಫ್ಯಾನ್ ಅಡಿ ಇಡಿ. ಹೊಲಿಗೆ ಮಿಷನ್ನಿಗೆ ಹಾಕುವ ಎಣ್ಣೆ ಒಂದು ಬಟ್ಟೆಗೆ ಹಾಕಿ ಸವರಿ. ತೆಂಗಿನೆಣ್ಣೆ ಬೇಡ, ನಾನು ಮಾಡಿ ನೋಡಿದ್ದೇನೆ, ಇರುವೆ ಬಂತು.

ಮಣಿಪಾಲ ಎಡಗೈ:

ನಾನು ಫಿಸಿಯೋ, ಹಾಗಾಗಿ ನನ್ನ ಕಣ್ಣಿಗೆ ಬಿದ್ದದ್ದು ಬೇರೆಯೇ. 47 ವರ್ಷ, ಸ್ಟಿಫ್ ಸ್ಟೀಲ್ ಶಾಫ್ಟ್, ತೆಳು ಬ್ಲೇಡ್, ಕೆಳಗೆ ಮುರಕಲ್ಲು. ಸರ್, ನಿಮ್ಮ ಮೊಣಕೈ ಹೇಗುಂಟು? ಒಳಬದಿ ನೋವಾದ್ರೆ ಗಾಲ್ಫರ್ಸ್ ಎಲ್ಬೋ, ಹೊರಬದಿ ಆದ್ರೆ ಟೆನಿಸ್ ಎಲ್ಬೋ, ಹೆಸರು ನೋಡಿ ಮೋಸ ಹೋಗ್ಬೇಡಿ, ಗಾಲ್ಫ್ ಆಡುವವರಿಗೆ ಎರಡೂ ಬರ್ತದೆ. ನಡು ತಪ್ಪಿ ತಾಗಿದ ಪ್ರತಿ ಹೊಡೆತದ ಅದುರು ಸೀದಾ ಕೈಗೆ ಬರ್ತದೆ, ಬೇಸಿಗೆಯಲ್ಲಿ ಬಾಲಿಗಿಂತ ಮೊದಲು ನೆಲಕ್ಕೆ ತಾಗಿದ್ರೆ ಕೇಳುದೇ ಬೇಡ. ಮಾಮ್ ಹೇಳುವ ಹಾಗೆ ಗ್ರಿಪ್ ಮಾತ್ರ ಬದ್ಲಿಸಿ ಹಳೆ ಐರನ್ನಲ್ಲೇ ಆಡಿದ್ರೆ ಸಾಕು ಅಂದ್ರೆ ನಾನು ಒಪ್ಪುದಿಲ್ಲ. ಪಟ್ಟರ್ ಎಷ್ಟೇ ಪ್ರಾಕ್ಟೀಸ್ ಮಾಡಿ, ಕೈ ಹೋದ್ರೆ ಆರು ತಿಂಗಳು ಮನೆಯಲ್ಲಿ ಕೂರ್ಬೇಕು. ಸ್ಟೀಲ್ ಶಾಫ್ಟ್ ಒಂದೊಂದು 100ರಿಂದ 130 ಗ್ರಾಂ, ಗ್ರಾಫೈಟ್ 60-80. ನಿಮ್ಮ ಸ್ಪೀಡಿಗೆ ಗ್ರಾಫೈಟ್ ರೆಗ್ಯುಲರ್, ಹಿಂದೆ ಟೊಳ್ಳು ಇರುವ ಹೆಡ್, ಸೆಕೆಂಡ್ ಹ್ಯಾಂಡ್ ಆದ್ರೂ ಸರಿ.

ಸೆಕೆಂಡ್ ಹ್ಯಾಂಡ್ ಅಂತ ನೀವೆಲ್ಲ ಎಷ್ಟು ಸುಲಭದಲ್ಲಿ ಹೇಳ್ತೀರಿ! ಎಡಗೈಯವರಿಗೆ ಹುಡುಕಿ ನೋಡಿ ಗೊತ್ತಾಗ್ತದೆ. ಅದರ ಮೇಲೆ ನಾನು ಹೆಂಗಸು. ಮೊದಲ ಸಲ ಕೇಳಿದಾಗ ನನಗೆ ಸಿಕ್ಕಿದ್ದು ಬಲಗೈಯ ಗುಲಾಬಿ ಬಣ್ಣದ ಲೇಡೀಸ್ ಸೆಟ್, "ಇದರಲ್ಲೇ ಕಲೀರಿ ಮೇಡಂ" ಅಂತ. ನಾನು 5 ಅಡಿ 9 ಇಂಚು, ಆ ಕ್ಲಬ್ ಹಿಡಿದ್ರೆ ಅಂಗಳ ಗುಡಿಸಿದ ಹಾಗೆ ಕಾಣ್ತಿತ್ತು. ಕೊನೆಗೆ ಗಂಡಸರ ಎಡಗೈ ಸೆಟ್, ಸೀನಿಯರ್ ಫ್ಲೆಕ್ಸ್, ಅದೇ ಸರಿ ಆಯ್ತು. ಶಾಫ್ಟಿಗೆ ಹೆಂಗಸು ಗಂಡಸು ಮುದುಕ ಅಂತ ಗೊತ್ತಿಲ್ಲ, ಸ್ಪೀಡ್ ಮಾತ್ರ ಗೊತ್ತು. ಉದ್ದಕ್ಕೆ ಬರೀ ಎತ್ತರ ಅಲ್ಲ, ಶೂ ಹಾಕಿ ನೇರ ನಿಂತು ಮಣಿಕಟ್ಟಿನಿಂದ ನೆಲಕ್ಕೆ ಎಷ್ಟು ಅಂತ ಅಳತೆ ಮಾಡ್ಸಿ, ಕೈ ಉದ್ದ ಇರುವವರಿಗೆ ಎತ್ತರ ಇದ್ರೂ ಉದ್ದ ಕ್ಲಬ್ ಬೇಡ.

ಮತ್ತೆ 14 ಕ್ಲಬ್ ಅನ್ನುದು ಗರಿಷ್ಠ ಮಿತಿ, 1930ರ ದಶಕದ ಕೊನೆಗೆ ಬಂದ ನಿಯಮ, ಅದಕ್ಕೆ ಮೊದಲು ಜನ 20-25 ಹೊತ್ತು ತಿರುಗ್ತಿದ್ರು. 14 ಇರ್ಲೇಬೇಕು ಅಂತ ಯಾರೂ ಹೇಳ್ಲಿಲ್ಲ. ನಾನು ಮಣಿಪಾಲದಿಂದ ಗಂಟೆಗಿಂತ ಮೇಲೆ ಡ್ರೈವ್ ಮಾಡಿ ಬಂದು ಆ ಸೆಕೆಯಲ್ಲಿ ನಡೀಬೇಕು, ಹಾಗಾಗಿ ನನ್ನ ಬ್ಯಾಗಲ್ಲಿ 8 ಮಾತ್ರ. ನಿಮ್ಮ 3, 4, 5 ಐರನ್ ಮೂರನ್ನೂ ತೆಗೆದು ಅಟ್ಟಕ್ಕೆ ಹಾಕಿ, ಒಂದು ಹೈಬ್ರಿಡ್ ಸಾಕು. ಏಳದ ಬಾಲ್ ಏಳ್ತದೆ.

ಮಳೆಗೆ ಒಂದು ಜೋಡಿ ರೇನ್ ಗ್ಲೌಸ್ ಇಟ್ಕೊಳ್ಳಿ, ಚರ್ಮದ್ದು ಒದ್ದೆ ಆದ್ರೆ ಜಾರ್ತದೆ, ಇದು ಒದ್ದೆ ಆದಷ್ಟು ಹಿಡೀತದೆ.

ಕುಂದಾಪ್ರ ಹೈದ:

ಹ್ವಾಯ್, ಎಲ್ಲ ಕ್ಲಬ್ ಬಗ್ಗೆ ಬರ್ದ್ರಿ, ಬಾಲ್ ಬಗ್ಗೆ ಒಬ್ರೂ ಹೇಳ್ಲಿಲ್ಲ ಕಾಣಿ. ಬೋಗಿಯವ್ರೆ, ಒಂದು ರೌಂಡಿಗೆ ಎಷ್ಟು ಬಾಲ್ ಕಳೀತದೆ? ನಾನು ಕಮ್ಮಿ ಅಂದ್ರೆ ನಾಲ್ಕು. ಟಿವಿಯಲ್ಲಿ ಕಾಣುವವರು ಹೊಡೆಯುವ ಮೆತ್ತಗಿನ ಯುರಿಥೇನ್ ಹೊದಿಕೆಯ ಬಾಲ್ ಹಾಕಿ ಪೊದೆಗೆ ಕಳಿಸಿದ್ರೆ ಒಂದೊಂದಕ್ಕೂ ಒಂದು ಮೀನೂಟದ ದುಡ್ಡು. ನಮಗೆಲ್ಲ ಎರಡು ಪದರದ ಗಟ್ಟಿ ಬಾಲ್ ಸಾಕು, ಡ್ರೈವರಲ್ಲಿ ಸ್ಪಿನ್ ಕಮ್ಮಿ, ತಿರುಗುದೂ ಸ್ವಲ್ಪ ಕಮ್ಮಿ. ಮೆತ್ತಗಿನ ಬಾಲ್ ಗ್ರೀನಲ್ಲಿ ಬ್ರೇಕ್ ಹಾಕಿದ ಹಾಗೆ ನಿಲ್ತದೆ ಅಂತಾರೆ, ನಿಲ್ಲುಕೆ ಮೊದಲು ಗ್ರೀನಿಗೆ ಬರ್ಬೇಕಲ್ಲ ಮಾರ್ರೆ. ಯಾವುದಾದ್ರೂ ಒಂದೇ ತರದ್ದು ಆಡಿ ಅಷ್ಟೆ, ಪೊದೆಯಲ್ಲಿ ಸಿಕ್ಕಿದ ಹತ್ತು ಜಾತಿಯದ್ದು ಆಡಿದ್ರೆ ಪಟ್ ಎಷ್ಟು ಓಡ್ತದೆ ಅಂತ ಕೈಗೆ ಗೊತ್ತಾಗುದೇ ಇಲ್ಲ.

ಹುಡುಕುಕೆ ಮೂರೇ ನಿಮಿಷ ಇಪ್ಪುದು ಈಗ, 2019ರ ಮೊದಲು ಐದು ಇತ್ತು. ಮಳೆಗಾಲದಲ್ಲಿ ಒಂದೇ ನಿಮಿಷ ಹುಡುಕಿ ಬನ್ನಿ. ಹಾವು ಕಂಡ್ರೆ ಹೆದರ್ಬೇಡಿ, ನಿಯಮ 16.2ರಲ್ಲಿ ಅಪಾಯಕಾರಿ ಪ್ರಾಣಿ ಇದ್ರೆ ಪೆನಾಲ್ಟಿ ಇಲ್ಲದೆ ಬೇರೆ ಕಡೆ ಡ್ರಾಪ್ ಮಾಡ್ಲಿಕ್ಕೆ ಉಂಟು. ಪಿಲಿಕುಳ ಅಂದ್ರೆ ತುಳುವಲ್ಲಿ ಹುಲಿಯ ಕೊಳ, ಅಲ್ಲಿಗೆಂದೇ ಬರೆದ ನಿಯಮ ಅದು.

ಬಿಜೈ ಬೋಗಿ:

ಐದು ವಾರ ಆಯ್ತು, ಉತ್ತರ ಕೊಡ್ಲಿಕ್ಕೆ ತಡ ಆಯ್ತು, ಎಲ್ರೂ ಕ್ಷಮಿಸಿ. ಮಾಮ್ ಹೇಳಿದ ಹಾಗೆ ಪೆನ್ಸಿಲ್ ಹಿಡ್ಕೊಂಡೆ. ಮೊದಲ ರೌಂಡ್ 106, ಪಟ್ 41. ಎರಡನೆಯದ್ದು 104, ಪಟ್ 39, ಮೂರು ಮೂರು ಪಟ್ ಏಳು ಹೋಲಲ್ಲಿ. ಡ್ರೈವರಿಂದ ಪೆನಾಲ್ಟಿ ಒಂದ್ರಲ್ಲಿ 5, ಇನ್ನೊಂದ್ರಲ್ಲಿ 6. ಗ್ರೀನ್ ಬದಿಯಲ್ಲಿ ವೆಜ್‌ನಲ್ಲಿ ಆಚೆ ಈಚೆ ಪಿಂಗ್‌ಪಾಂಗ್ ಆಡಿದ್ದು 9-10. ಕಾರ್ಡ್ ನೋಡಿ ನನಗೇ ನಾಚಿಕೆ ಆಯ್ತು, ಎರಡು ವರ್ಷ ನಾನು ಬೈದದ್ದು ಡ್ರೈವರಿಗೆ ಮಾತ್ರ.

ಗ್ರಿಪ್ ಎಲ್ಲ ನಾನೇ ಬದ್ಲಿಸಿದೆ, ಮನೆಯ ಸಿಟೌಟಲ್ಲಿ ಕೂತು. ಹಳೆಯದ್ದನ್ನು ಬ್ಲೇಡಲ್ಲಿ ಸೀಳಿ, ಅಂಟು ಕೆರೆದು, ಎರಡು ಬದಿ ಅಂಟುವ ಟೇಪ್ ಸುತ್ತಿ, ಟರ್ಪೆಂಟೈನ್ ಸುರಿದು ಒಂದೇ ಉಸಿರಲ್ಲಿ ತಳ್ಬೇಕು, ನಡುವಲ್ಲಿ ನಿಲ್ಲಿಸಿದ್ರೆ ಅಲ್ಲೇ ಹಿಡ್ಕೊಳ್ತದೆ. ಎರಡು ಹಾಳು ಮಾಡಿದೆ. ಒಟ್ಟು 10 ಸಾವಿರದ ಒಳಗೆ ಮುಗೀತು, ಮನೆ ಪೂರಾ ಎರಡು ದಿನ ಪೇಂಟ್ ಅಂಗಡಿ ವಾಸನೆ. ಆದ್ರೆ ಮಾಮ್, ನೀವು ಹೇಳಿದ್ದು ಸತ್ಯ, ಮೊದಲ ಸಲ ಕ್ಲಬ್ಬನ್ನು ಸಡಿಲ ಹಿಡಿದೆ, 7 ಐರನ್ ನೇರ ಹೋಯ್ತು.

ಡ್ರೈವರ್ ಸೆಕೆಂಡ್ ಹ್ಯಾಂಡ್ ಸಿಕ್ಕಿತು, 10.5, ರೆಗ್ಯುಲರ್, 12ಕ್ಕೆ ಏರಿಸಿ ಇಟ್ಟಿದ್ದೇನೆ. ದುಬೈಯವರ ಮಾತು ನೆನಪಾಗಿ ಮಾರಿದವರ ಮುಂದೆಯೇ ಕಿಸೆಯಿಂದ ಅಯಸ್ಕಾಂತ ತೆಗೆದೆ, ಅವರು ನನ್ನನ್ನು ನೋಡಿದ ರೀತಿ ಮರೀಲಿಕ್ಕೆ ಸಾಧ್ಯ ಇಲ್ಲ. ಅಂಟ್ಲಿಲ್ಲ. ಸ್ಲೈಸ್ ಈಗಲೂ ಉಂಟು, ಆದ್ರೆ ನಂತೂರು ಸರ್ಕಲ್ ಅಲ್ಲ, ಕದ್ರಿ ಪಾರ್ಕ್ ಹತ್ರದ ತಿರುವಿನಷ್ಟು. ಹೈಬ್ರಿಡ್ ಒಂದು ತಗೊಂಡೆ, 3-4-5 ಅಟ್ಟದಲ್ಲಿ. ಐರನ್ ವಿಷಯದಲ್ಲಿ ಎಡಗೈ ಮೇಡಂ ಹೇಳಿದ್ದು ಕೇಳಿ ಮೊಣಕೈ ಒತ್ತಿ ನೋಡಿದೆ, ಹೊರಬದಿ ಸ್ವಲ್ಪ ನೋವು ನಿಜವಾಗಿಯೂ ಉಂಟು, ಇಷ್ಟು ದಿನ ಸ್ಕೂಟರಿನದ್ದು ಅಂತ ಇದ್ದೆ. ಗ್ರಾಫೈಟ್ ಸೆಟ್ ಹುಡುಕ್ತಾ ಇದ್ದೇನೆ, ಯಾರ ಹತ್ರವಾದ್ರೂ ಇದ್ರೆ ಹೇಳಿ.

ಉಳಿದ ದುಡ್ಡು ಟೆರೇಸಿಗೆ ಹೋಯ್ತು. ಮುಂದಿನ ವಾರ ಶೀಟಿನವರು ಬರ್ತಾರೆ. ಈಗ ಒಂದು ಆಲೋಚನೆ ಬಂದಿದೆ, ಮನೆಯಲ್ಲಿ ಇನ್ನೂ ಹೇಳ್ಲಿಲ್ಲ. ಶೀಟ್ ಹಾಕಿದ ಮೇಲೆ ಅದರಡಿ ಒಂದು ನೆಟ್ ಕಟ್ಟಿದ್ರೆ ಜೂನಿಂದ ಸೆಪ್ಟೆಂಬರ್ ವರೆಗೆ ಮಳೆಯಲ್ಲೂ ಹೊಡೀಬಹುದು ಅಲ್ವಾ? ಶೀಟಿನವರು 8 ಅಡಿ ಎತ್ತರ ಸಾಕು ಅಂತಿದ್ದಾರೆ. ಡ್ರೈವರ್ ತಿರುಗ್ಸಲಿಕ್ಕೆ ಎಷ್ಟು ಬೇಕು?

ಕೊಡಿಯಾಲ್ ಮಾಮ್:

10 ಅಡಿ ಕಮ್ಮಿ ಮಾಡ್ಬೇಡಿ. ಹೆಂಡತಿ ಕೇಳಿದ್ರೆ ಗಾಳಿ ಚೆನ್ನಾಗಿ ಆಡ್ತದೆ, ಬಟ್ಟೆ ಬೇಗ ಒಣಗ್ತದೆ ಅಂತ ಹೇಳಿ. ನಾನೂ ಹಾಗೇ ಹೇಳಿದ್ದು.